ಹೊಸ ಬೈಕಿನ ಸರ್ವೀಸು: ಷೋರೂಮಾ, ಎಎಂಸಿನಾ, ಊರಿನ ಗ್ಯಾರೇಜಾ?

2024ರ ದಸರಾಕ್ಕೆ ಮನೆಗೆ ಹೊಸ ಬೈಕು ಬಂತು. 125 ಸಿಸಿ. ಅದಕ್ಕೂ ಮೊದಲು ಇದ್ದ ನೂರು ಸಿಸಿ ಗಾಡಿ ಹನ್ನೊಂದು ವರ್ಷ ದುಡಿದಿತ್ತು. ಅದರ ಸರ್ವೀಸೆಲ್ಲ ನಮ್ಮೂರಿನ ಭಾಯ್ ಗ್ಯಾರೇಜಿನಲ್ಲೇ ಆಗುತ್ತಿತ್ತು. ಹಾಗಾಗಿ ಷೋರೂಮಿನ ಸರ್ವೀಸಿಗೆ ಎಷ್ಟಾಗುತ್ತೆ ಅನ್ನೋ ಅಂದಾಜು ನನಗೆ ಇರಲಿಲ್ಲ. "ಮೊದಲ ಮೂರು ಸರ್ವೀಸು ಫ್ರೀ" ಅಂತ ಮಾರುವಾಗ ಹೇಳಿದ್ದರು. ಸಾವಿರ ಕಿಲೋಮೀಟರ್ ಆದ ಮೇಲೆ ಪೇಟೆಗೆ ಹೋದೆ. ಸಂಜೆ ಕೈಗೆ ಬಂದ ಬಿಲ್ಲು 1,185 ರೂಪಾಯಿ.

ಆ ಬಿಲ್ಲು ಇನ್ನೂ ನನ್ನ ಹತ್ತಿರ ಇದೆ. ಎಂಜಿನ್ ಆಯಿಲ್ 410, ಡ್ರೈನ್ ವಾಷರ್ 10, ಚೈನ್ ಕ್ಲೀನರ್ ಮತ್ತು ಲ್ಯೂಬ್ 120, ಕನ್ಸ್ಯೂಮಬಲ್ಸ್ (ಸಣ್ಣಪುಟ್ಟ ಖರ್ಚಾಗುವ ಸಾಮಾನು) 45, ಎಂಜಿನ್ ಆಡಿಟಿವ್ (ಆಯಿಲ್ ಜೊತೆ ಸುರಿಯುವ ದ್ರವ) 250, ಟೆಫ್ಲಾನ್ ಪಾಲಿಶ್ 350. ತೆರಿಗೆ ಸೇರಿದ ದರ. ರಾತ್ರಿ ಊಟ ಆದ ಮೇಲೆ ಬೈಕಿನ ಜೊತೆ ಕೊಟ್ಟಿದ್ದ ಪುಸ್ತಕ ತೆಗೆದು, ಸರ್ವೀಸ್ ಪಟ್ಟಿ ಇರುವ ಪುಟವನ್ನು ಬಿಲ್ಲಿನ ಪಕ್ಕ ಇಟ್ಟುಕೊಂಡು ನೋಡಿದೆ. ಪುಸ್ತಕ ಹೇಳಿದ ಸಾಮಾನು ಆಯಿಲ್ ಮತ್ತು ವಾಷರ್. 420 ರೂಪಾಯಿ. ಚೈನಿಗೆ ಲ್ಯೂಬ್ ಹಾಕಬೇಕು ಅಂತಲೂ ಇತ್ತು. ಆದರೆ ಅದು ಸರ್ವೀಸಿಗೆ ಕಾಯದೆ ಆಗಾಗ ಮನೆಯಲ್ಲೇ ಮಾಡುವ ಕೆಲಸ. ಆಡಿಟಿವ್, ಪಾಲಿಶ್ ಹೆಸರೇ ಆ ಪುಸ್ತಕದಲ್ಲಿ ಇರಲಿಲ್ಲ.

ಅವತ್ತಿನಿಂದ ಈ ಲೆಕ್ಕವನ್ನು ಸರಿಯಾಗಿ ತಿಳಿದುಕೊಳ್ಳಬೇಕು ಅಂತ ಹಟ ಹಿಡಿದೆ. ಬೆಂಗಳೂರಿನಲ್ಲಿರುವ ತಮ್ಮನ ಹತ್ತಿರ 350 ಸಿಸಿ ಬುಲೆಟ್ ಇದೆ. ಅವನ ಬಿಲ್ಲುಗಳನ್ನೂ ತರಿಸಿಕೊಂಡೆ. ಭಾಯ್ ಹತ್ತಿರ ಕೂತು ಮಾತಾಡಿದೆ. ಹೊಸ ಬೈಕು ತಗೊಂಡವರು "ಷೋರೂಮಿಗೇ ಹಾಕ್ಬೇಕಾ, ಹೊರಗೆ ಮಾಡಿಸಿದ್ರೆ ಆಗಲ್ವಾ" ಅಂತ ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇಲ್ಲಿರುವ ದರಗಳು ನಾನು ಕೊಟ್ಟದ್ದು, ಇಲ್ಲವೇ ನನಗೆ ಹೇಳಿದ್ದು. ನಿಮ್ಮ ಊರು, ನಿಮ್ಮ ಬೈಕಿಗೆ ತಕ್ಕಂತೆ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತೆ. ಲೆಕ್ಕ ಹಾಕುವ ದಾರಿ ಮಾತ್ರ ಎಲ್ಲರಿಗೂ ಒಂದೇ.

ಫ್ರೀ ಅಂದರೆ ಕೂಲಿ ಮಾತ್ರ

ಫ್ರೀ ಸರ್ವೀಸಿನಲ್ಲಿ ಫ್ರೀ ಆಗಿರುವುದು ಕೆಲಸದ ಕೂಲಿ. ಆಯಿಲ್, ಫಿಲ್ಟರ್, ವಾಷರ್, ಗ್ರೀಸ್ ದುಡ್ಡು ನಾವೇ ಕೊಡಬೇಕು. ಆ ಕೂಲಿಯನ್ನು ಕಂಪನಿಯವರು ಕೂಪನ್ ಲೆಕ್ಕದಲ್ಲಿ ಡೀಲರ್‌ಗೆ ಕೊಡುತ್ತಾರೆ, ಆದರೆ ಅದು ದೊಡ್ಡ ಮೊತ್ತವೇನಲ್ಲ. ಹಾಗಾಗಿ ಫ್ರೀ ಸರ್ವೀಸಿಗೆ ಬಂದ ಗಾಡಿಯಿಂದ ಡೀಲರ್‌ಗೆ ನಾಲ್ಕು ಕಾಸು ಉಳಿಯಬೇಕಾದರೆ ಆಡಿಟಿವ್, ಪಾಲಿಶ್, ಕೋಟಿಂಗ್ ಮಾರಬೇಕು. ಕೌಂಟರಿನಲ್ಲಿ ಕೂತ ಹುಡುಗರಿಗೆ ತಿಂಗಳಿಗೆ ಇಷ್ಟು ಅಂತ ಟಾರ್ಗೆಟ್ ಇರುತ್ತೆ. ಅವರ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನ ಇಲ್ಲ. ಬೇಡ ಅಂದರೆ ಸಾಕು. ಬೇಡ ಅಂತ ಹೇಳುವ ಹಕ್ಕು ಇದೆ ಅನ್ನೋದು ಮಾತ್ರ ಗೊತ್ತಿರಬೇಕು.

ಇನ್ನೊಂದು ವಿಷಯ. ಫ್ರೀ ಕೂಪನ್ನು ನೀವು ಬೈಕು ಕೊಂಡ ಡೀಲರ್ ಹತ್ತಿರವೇ ಬಳಸಬೇಕು ಅಂತೇನಿಲ್ಲ. ಅದೇ ಕಂಪನಿಯ ಅಧಿಕೃತ ಸರ್ವೀಸ್ ಸೆಂಟರ್ ಎಲ್ಲಿದ್ದರೂ ನಡೆಯುತ್ತೆ. ಊರಲ್ಲಿ ಕೊಂಡು ಬೆಂಗಳೂರಿನಲ್ಲಿ ಓಡಿಸುವವರು ಇದನ್ನು ಕೇಳಿ ತಿಳಿದುಕೊಳ್ಳದೆ ಕೂಪನ್ ಹಾಳು ಮಾಡಿಕೊಳ್ಳುತ್ತಾರೆ.

ಮೊದಲ ಸರ್ವೀಸು

ಇದೊಂದನ್ನು ಯಾವ ಕಾರಣಕ್ಕೂ ಮುಂದೂಡಬೇಡಿ, ಹೊರಗೂ ಮಾಡಿಸಬೇಡಿ.

ನಾನು ಅವತ್ತು ಗಾಡಿ ಬಿಟ್ಟು ಬರದೆ ಅಲ್ಲೇ ನಿಂತು ನೋಡಿದೆ. ಮೆಕ್ಯಾನಿಕ್ ಹುಡುಗ ಎಂಜಿನ್ನಿನ ತಳದ ಡ್ರೈನ್ ಬೋಲ್ಟ್ ಬಿಚ್ಚಿದ. ಆಯಿಲ್ ಬಿಸಿ ಇತ್ತು, ಬಣ್ಣ ಆಗಲೇ ಕಪ್ಪಗಾಗಿತ್ತು. ಟ್ರೇಯಲ್ಲಿ ನಿಂತ ಆಯಿಲ್ ಮೇಲೆ ಟ್ಯೂಬ್‌ಲೈಟ್ ಬೆಳಕು ಬಿದ್ದಾಗ ಸಣ್ಣಗೆ ಮಿಂಚುವ ಪುಡಿ ಕಾಣಿಸಿತು, ಹಬ್ಬದ ರಂಗೋಲಿಗೆ ಹಾಕುವ ಮಿನುಗಿನ ಹಾಗೆ. "ಇದೇನಪ್ಪಾ" ಅಂದೆ. "ಕಬ್ಬಿಣದ ಪುಡಿ ಅಣ್ಣ. ಹೊಸ ಎಂಜಿನ್ ಅಲ್ವಾ, ಒಂದಕ್ಕೊಂದು ಉಜ್ಜಿ ಕೂತ್ಕೋತಾವೆ" ಅಂದ. ಪಿಸ್ಟನ್ ರಿಂಗು, ಸಿಲಿಂಡರ್ ಗೋಡೆ, ಗೇರಿನ ಹಲ್ಲು ಇವೆಲ್ಲ ಹೊಂದಿಕೊಳ್ಳುವಾಗ ಉದುರುವ ಪುಡಿ ಅದು. ಅದನ್ನು ಒಳಗೇ ಬಿಟ್ಟು ಇನ್ನೂ ಐದು ಸಾವಿರ ಕಿಲೋಮೀಟರ್ ಓಡಿಸಿದರೆ ಎಂಜಿನ್ನಿಗೆ ಒಳ್ಳೆಯದಲ್ಲ ಅಂತ ಬೇರೆ ಯಾರೂ ಹೇಳಬೇಕಾಗಿಲ್ಲ. ಕಂಪನಿಗಳು ಮೊದಲ ಸರ್ವೀಸನ್ನು 500ರಿಂದ 1,000 ಕಿ.ಮೀ. ಒಳಗೆ ಇಟ್ಟಿರುವುದು ಇದಕ್ಕೇ.

ಆಯಿಲ್ ಜೊತೆ ಆವತ್ತು ಇನ್ನೂ ಕೆಲವು ಕೆಲಸ ಇರುತ್ತೆ. ಹೊಸ ಚೈನು ಹಿಗ್ಗಿರುತ್ತೆ, ಬಿಗಿ ಮಾಡಬೇಕು. ಕ್ಲಚ್ ಕೇಬಲ್ ಸಡಿಲ ಆಗಿರುತ್ತೆ. ನಟ್ಟು ಬೋಲ್ಟು ಒಮ್ಮೆ ನೋಡಬೇಕು. ಟ್ಯಾಪೆಟ್ ಸಂದು (ಎಂಜಿನ್ ವಾಲ್ವಿನ ಹತ್ತಿರ ಇರಬೇಕಾದ ಸಣ್ಣ ಅಂತರ) ನೋಡಬೇಕು. ಇವೆಲ್ಲ ಕೂಲಿಯೊಳಗೇ ಬರುವ ಕೆಲಸ, ಬೇರೆ ದುಡ್ಡು ಇಲ್ಲ. ಪಾಲಿಶ್ ಹೊಡೆಯುವ ಹೊತ್ತಿನಲ್ಲಿ ಇವನ್ನು ಸರಿಯಾಗಿ ಮಾಡಿ ಅಂತ ಕೇಳಿ.

ಮೂರು ವರ್ಷದ ಲೆಕ್ಕ

ನಾನು ತಿಂಗಳಿಗೆ ಸುಮಾರು ಸಾವಿರ ಕಿಲೋಮೀಟರ್ ಓಡಿಸುತ್ತೇನೆ. ಮೂರು ವರ್ಷಕ್ಕೆ 36,000. ನನ್ನ ಬೈಕಿನ ಪುಸ್ತಕದ ಪ್ರಕಾರ ಸರ್ವೀಸು 1,000, 6,000, 12,000ಕ್ಕೆ. ಈ ಮೂರೂ ಫ್ರೀ. ಆಮೇಲೆ 18,000, 24,000, 30,000, 36,000. ಈ ನಾಲ್ಕಕ್ಕೆ ಕೂಲಿ ಕೊಡಬೇಕು. ಒಟ್ಟು ಏಳು ಸಲ ಆಯಿಲ್.

ಷೋರೂಮಿನ ಬೋರ್ಡಿನಲ್ಲಿ ಕೂಲಿ 450 ಅಂತ ಬರೆದಿದ್ದಾರೆ. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ 531. ಪುಸ್ತಕ ಕೇಳಿದ್ದನ್ನಷ್ಟೇ ಮಾಡಿಸಿದರೆ ಏಳು ಸಲದ ಆಯಿಲ್ ಮತ್ತು ವಾಷರ್ 2,940, ನಾಲ್ಕು ಸಲದ ಕೂಲಿ 2,124. ಒಟ್ಟು 5,064 ರೂಪಾಯಿ.

ನನ್ನ ಮೊದಲ ಬಿಲ್ಲಿನಲ್ಲಿ ಆಯಿಲ್, ವಾಷರ್ ಬಿಟ್ಟು ಇದ್ದ ಉಳಿದ ಸಾಲುಗಳು, ಅಂದರೆ 765 ರೂಪಾಯಿ, ಪ್ರತಿ ಸಲವೂ ಸೇರಿದರೆ? ಏಳು ಸಲಕ್ಕೆ 5,355. ಒಟ್ಟು 10,419. ಅದೇ ಬೈಕು, ಅದೇ ಡೀಲರು, ಅದೇ ಆಯಿಲ್. ದುಡ್ಡು ಎರಡು ಪಟ್ಟು.

ಈಗ ಗ್ಯಾರೇಜು. ಭಾಯ್ ಕೂಲಿ 250. ಅದೇ ಗ್ರೇಡಿನ ಆಯಿಲ್ ಹೊರಗಡೆ 390ಕ್ಕೆ ಸಿಗುತ್ತೆ. ಒಂದು ಸರ್ವೀಸಿಗೆ 640. ಮೊದಲಿನಿಂದಲೂ ಏಳೂ ಸಲ ಅಲ್ಲೇ ಮಾಡಿಸಿದರೆ 4,480. ಫ್ರೀ ಇರುವ ಮೂರನ್ನು ಷೋರೂಮಿನಲ್ಲಿ ಮುಗಿಸಿ ಆಮೇಲಿನ ನಾಲ್ಕನ್ನು ಭಾಯ್ ಹತ್ತಿರ ಮಾಡಿಸಿದರೆ 3,820.

ಏರ್ ಫಿಲ್ಟರ್, ಪ್ಲಗ್, ಬ್ರೇಕ್ ಶೂ ನಾನು ಸೇರಿಸಿಲ್ಲ. ಒರಿಜಿನಲ್ ಸಾಮಾನಿಗೆ ಎಂಆರ್‌ಪಿ ಒಂದೇ, ಎಲ್ಲಿ ಹಾಕಿಸಿದರೂ ದೊಡ್ಡ ವ್ಯತ್ಯಾಸ ಬರಲ್ಲ.

ಈ ಅಂಕಿಗಳನ್ನು ಹಾಳೆಯ ಮೇಲೆ ಬರೆದ ದಿನ ನನಗೇ ಆಶ್ಚರ್ಯ ಆಯಿತು. ಷೋರೂಮು ಅಂದರೆ ದುಬಾರಿ, ಗ್ಯಾರೇಜು ಅಂದರೆ ಅಗ್ಗ ಅಂತ ನಾನೂ ನಂಬಿದ್ದೆ. ಆದರೆ ಬೇಡದ್ದನ್ನು ಬೇಡ ಅಂದರೆ, ಪೂರ್ತಿ ಷೋರೂಮಿಗೂ ಫ್ರೀ ಮುಗಿದ ಮೇಲೆ ಗ್ಯಾರೇಜಿಗೆ ಹೋಗುವುದಕ್ಕೂ ಮೂರು ವರ್ಷದಲ್ಲಿ ಇರುವ ಅಂತರ 1,244 ರೂಪಾಯಿ. ತಿಂಗಳಿಗೆ 35. ದುಡ್ಡು ನಿಜವಾಗಿ ಸೋರುವುದು ಆಡಿಟಿವ್ ಮತ್ತು ಪಾಲಿಶ್ ಸಾಲಿನಲ್ಲಿ.

ಇನ್ನೊಂದು ಸೋರಿಕೆ ಆಯಿಲ್ ಬದಲಿಸುವ ಅವಧಿಯಲ್ಲಿದೆ. ಪುಸ್ತಕ 6,000ಕ್ಕೆ ಅನ್ನುತ್ತೆ. ಕೌಂಟರಿನಲ್ಲಿ "ಮೂರು ಸಾವಿರಕ್ಕೆ ಬದಲಾಯಿಸಿ ಸಾರ್, ಎಂಜಿನ್ ಬಾಳಿಕೆ ಬರುತ್ತೆ" ಅನ್ನುತ್ತಾರೆ. ವರ್ಷಕ್ಕೆ ಎರಡು ಆಯಿಲ್ ಜಾಸ್ತಿ, ಅಂದರೆ 820 ರೂಪಾಯಿ. ಗ್ಯಾರೇಜಿನವರೂ ಇದನ್ನೇ ಹೇಳುತ್ತಾರೆ. ಹಳೆಯ ಗಾಡಿಗಳ ಕಾಲದ ಅಭ್ಯಾಸ ಅದು. ಧೂಳಿನ ಕ್ವಾರಿ ರಸ್ತೆ, ದಿನವಿಡೀ ಭಾರ ಹೇರಿ ಓಡಿಸುವುದು, ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವುದು ಇದ್ದರೆ ಬೇಗ ಬದಲಿಸಿ ಅಂತ ಪುಸ್ತಕಗಳೂ ಹೇಳುತ್ತವೆ. ಅದು ಸರಿ. ಸಾಧಾರಣವಾಗಿ ಓಡಿಸುವವರಿಗೆ ಪುಸ್ತಕದ ಮಾತು ಸಾಕು. ಕೆಲವು ಕಂಪನಿಗಳ ಪುಸ್ತಕದಲ್ಲಿ ಸರ್ವೀಸು 3,000 ಕಿ.ಮೀ.ಗೇ ಇರುತ್ತೆ, ಆದರೆ ಅಲ್ಲಿಯೂ ಆಯಿಲ್ ಬದಲಿಸುವುದು 6,000ಕ್ಕೆ ಇರಬಹುದು, ನಡುವಿನಲ್ಲಿ ಮಟ್ಟ ನೋಡಿ ಟಾಪ್ ಅಪ್ ಅಷ್ಟೇ. ಆ ಪುಟವನ್ನು ಫೋನಿನಲ್ಲಿ ಫೋಟೋ ತೆಗೆದು ಇಟ್ಟುಕೊಳ್ಳಿ.

ವಾರಂಟಿ ಅನ್ನೋದಕ್ಕೆ ಎಷ್ಟು ಬೆಲೆ?

ತಿಂಗಳಿಗೆ 35 ರೂಪಾಯಿ ಜಾಸ್ತಿ ಕೊಟ್ಟು ಷೋರೂಮಿನಲ್ಲೇ ಮುಂದುವರಿಯಬೇಕಾ? ಇದಕ್ಕೆ ಉತ್ತರ ವಾರಂಟಿಯಲ್ಲಿದೆ.

ಈಗಿನ ಬಹುತೇಕ ಬೈಕುಗಳಿಗೆ 3ರಿಂದ 5 ವರ್ಷದ ವಾರಂಟಿ ಇರುತ್ತೆ, ಜೊತೆಗೆ ಕಿಲೋಮೀಟರ್ ಮಿತಿ. ಎರಡರಲ್ಲಿ ಯಾವುದು ಮೊದಲು ಮುಗಿಯುತ್ತೋ ಅಲ್ಲಿಗೆ ವಾರಂಟಿ ಮುಗೀತು. ವಾರಂಟಿ ಪುಸ್ತಕದ ಷರತ್ತು ಸಾಮಾನ್ಯವಾಗಿ ಒಂದೇ ಥರ: ಎಲ್ಲ ಸರ್ವೀಸುಗಳನ್ನೂ, ಫ್ರೀ ಆಗಲಿ ಪೇಯ್ಡ್ ಆಗಲಿ, ಹೇಳಿದ ಅವಧಿಯೊಳಗೆ ಅಧಿಕೃತ ಕಡೆಯೇ ಮಾಡಿಸಿರಬೇಕು. ಬ್ರೇಕ್ ಶೂ, ಕ್ಲಚ್ ಪ್ಲೇಟ್, ಚೈನ್ ಸ್ಪ್ರಾಕೆಟ್, ಕೇಬಲ್, ಫಿಲ್ಟರ್, ಪ್ಲಗ್ ಇವು ಸವೆಯುವ ಸಾಮಾನು, ವಾರಂಟಿಗೆ ಬರಲ್ಲ. ಟಯರು, ಬ್ಯಾಟರಿಗೆ ಆಯಾ ಕಂಪನಿಯವರ ಬೇರೆ ವಾರಂಟಿ.

ಹಾಗಾದರೆ ಉಳಿದದ್ದೇನು? ಎಂಜಿನ್ ಒಳಭಾಗ, ಗೇರ್ ಬಾಕ್ಸ್, ಫ್ಯೂಯೆಲ್ ಪಂಪ್, ಇಂಜೆಕ್ಟರ್, ಸೆನ್ಸರ್‌ಗಳು, ಇಸಿಯು (ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್), ಸ್ಪೀಡೋಮೀಟರ್. ಇವು ಅಪರೂಪಕ್ಕೆ ಕೆಡುತ್ತವೆ. ಕೆಟ್ಟರೆ ಮಾತ್ರ ಸಾವಿರಗಳಲ್ಲಿ ಮಾತು.

ನಮ್ಮ ಓಣಿಯ ಹುಡುಗನೊಬ್ಬನ ಬೈಕಿಗೆ ಹದಿನಾಲ್ಕನೇ ತಿಂಗಳಿಗೆ ಫ್ಯೂಯೆಲ್ ಪಂಪ್ ಹೋಯಿತು. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಅವನು ಎರಡನೇ ಸರ್ವೀಸ್ ತಪ್ಪಿಸಿದ್ದ, ಆಯಿಲ್ ಮಾತ್ರ ಹೊರಗೆ ಹಾಕಿಸಿದ್ದ. ಆಯಿಲ್‌ಗೂ ಪಂಪಿಗೂ ಏನು ಸಂಬಂಧ ಅಂತ ಅವನು ವಾದ ಮಾಡಿದ. ಸರ್ವೀಸ್ ಸೆಂಟರಿನವರು ಕಂಪ್ಯೂಟರ್ ತಿರುಗಿಸಿ ಖಾಲಿ ಸಾಲು ತೋರಿಸಿದರು. ಕೊನೆಗೆ ಕೈಯಿಂದಲೇ ದುಡ್ಡು ಕೊಟ್ಟ. ಆ ಒಂದು ಬಿಲ್ಲು, ನಾನು ಮೇಲೆ ಹಾಕಿದ 1,244ರ ಎರಡು ಪಟ್ಟಿಗಿಂತ ಜಾಸ್ತಿ ಇತ್ತು.

ಅವನ ವಾದದಲ್ಲಿ ನ್ಯಾಯ ಇದೆ ಅಂತಲೇ ನನಗೆ ಅನ್ನಿಸುತ್ತೆ. ಇಂಥ ಸಂದರ್ಭದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರೈಟ್ ಟು ರಿಪೇರ್ (ರಿಪೇರಿಯ ಹಕ್ಕು) ಪೋರ್ಟಲ್ ಶುರು ಮಾಡಿದೆ, ವಾಹನಗಳೂ ಅದರಲ್ಲಿ ಸೇರಿವೆ. ಆದರೆ ದೂರು ಕೊಟ್ಟು ಕಾಯುವ ದಿನಗಳಲ್ಲಿ ಬೈಕು ನಿಂತಿರುತ್ತೆ. ದಿನಾ ಓಡಿಸಬೇಕಾದವರು ಅಷ್ಟು ದಿನ ಕಾಯಲು ಆಗಲ್ಲ.

ಅದಕ್ಕೇ ನನ್ನ ತೀರ್ಮಾನ: ವಾರಂಟಿ ಇರುವಷ್ಟು ದಿನ ಷೋರೂಮು, ಆದರೆ ಪುಸ್ತಕದಲ್ಲಿರುವುದು ಮಾತ್ರ. ಈ ಮಾತು ಎಲ್ಲರಿಗೂ ಹೊಂದಲ್ಲ ಅನ್ನೋದೂ ಗೊತ್ತು. ನಮ್ಮೂರಿನಿಂದ ಸರ್ವೀಸ್ ಸೆಂಟರಿಗೆ 28 ಕಿ.ಮೀ. ಹೋಗಿ ಬರಲು ಸುಮಾರು 115 ರೂಪಾಯಿ ಪೆಟ್ರೋಲು. ಬೆಳಿಗ್ಗೆ ಬಿಟ್ಟರೆ ಮಧ್ಯಾಹ್ನದ ಮೇಲೇ ಕೊಡುವುದು. ನನಗೆ ಸಂಬಳದ ಕೆಲಸ, ಶನಿವಾರ ಹೊಂದಿಸಿಕೊಳ್ಳುತ್ತೇನೆ. ದಿನಗೂಲಿಯವರಿಗೆ ನಾಲ್ಕು ಸರ್ವೀಸ್ ಅಂದರೆ ನಾಲ್ಕು ದಿನದ ಕೂಲಿ ಹೋದಂತೆ. ಅವರು ಫ್ರೀ ಸರ್ವೀಸ್ ಮುಗಿಸಿ ಊರಿನ ಗ್ಯಾರೇಜಿಗೆ ಬಂದರೆ ತಪ್ಪು ಅಂತ ನಾನು ಹೇಳಲ್ಲ. ಹತ್ತಿರದಲ್ಲಿ ಸಬ್ ಡೀಲರ್ ಇದ್ದರೆ, ಅಲ್ಲಿ ಮಾಡಿದ ಸರ್ವೀಸು ಕಂಪನಿಯ ದಾಖಲೆಗೆ ಹೋಗುತ್ತಾ ಅಂತ ಮೊದಲು ಕೇಳಿ. ಹೋಗುತ್ತೆ ಅಂದರೆ ಅದೇ ಒಳ್ಳೆಯ ದಾರಿ.

ಎಎಂಸಿ ತಗೋಬೇಕಾ?

ಬೈಕು ಬುಕ್ ಮಾಡುವಾಗಲೇ ಇನ್ಶೂರೆನ್ಸ್, ಹೆಲ್ಮೆಟ್, ಕ್ರ್ಯಾಶ್ ಗಾರ್ಡ್ ಜೊತೆ ಎಎಂಸಿಯನ್ನೂ (ಮೊದಲೇ ದುಡ್ಡು ಕಟ್ಟಿ ಮಾಡಿಕೊಳ್ಳುವ ವರ್ಷದ ಸರ್ವೀಸ್ ಒಪ್ಪಂದ) ಸೇರಿಸಿ ಲೆಕ್ಕ ಹೇಳುತ್ತಾರೆ. ಅಲ್ಲಿ ತಗೊಳ್ಳಬೇಡಿ. ಮೊದಲ ವರ್ಷ ಹೇಗೂ ಫ್ರೀ ಸರ್ವೀಸ್ ಇರುತ್ತೆ. ಎಎಂಸಿ ಮುಖ್ಯವಾಗಿ ಕೊಡುವುದೂ ಕೂಲಿಯನ್ನೇ. ಒಂದೇ ವಸ್ತುವಿಗೆ ಎರಡು ಸಲ ದುಡ್ಡು ಕೊಟ್ಟ ಹಾಗಾಗುತ್ತೆ.

ಎರಡನೇ ವರ್ಷದಿಂದ ಯೋಚನೆ ಮಾಡಬಹುದು. ನನಗೆ ಹೇಳಿದ ದರ ವರ್ಷಕ್ಕೆ 1,400. ಅದರಲ್ಲಿ ಮೂರು ಸರ್ವೀಸಿನ ಕೂಲಿ, ಎರಡು ವಾಟರ್ ವಾಶ್, ಸಾಮಾನಿನ ಮೇಲೆ ಸ್ವಲ್ಪ ರಿಯಾಯಿತಿ. ಮೂರು ಕೂಲಿ ಬಿಡಿಬಿಡಿಯಾಗಿ ಕೊಟ್ಟರೆ 1,593. ಮೇಲ್ನೋಟಕ್ಕೆ 193 ಉಳಿತಾಯ. ಆದರೆ ನನಗೆ ವರ್ಷಕ್ಕೆ ಬೇಕಾಗಿರುವುದು ಎರಡೇ ಸರ್ವೀಸು. ಅದರ ಕೂಲಿ 1,062. ಹಾಗಾಗಿ ನನಗೆ 338 ನಷ್ಟ. ಇದೇ ಕೊರಿಯರ್, ಫುಡ್ ಡೆಲಿವರಿ ಮಾಡುವವರು ವರ್ಷಕ್ಕೆ 25,000–30,000 ಕಿಲೋಮೀಟರ್ ಓಡಿಸುತ್ತಾರೆ. ಅವರಿಗೆ ನಾಲ್ಕೈದು ಸರ್ವೀಸ್ ಬೇಕು. ಅವರು ತಗೊಳ್ಳಲೇಬೇಕು ಅನ್ನುತ್ತೇನೆ. ಸರ್ವೀಸು 3,000ಕ್ಕೇ ಇರುವ ಬೈಕಿನವರಿಗೂ ಲೆಕ್ಕ ಸರಿ ಬರಬಹುದು.

ಕೇಳಬೇಕಾದ ಪ್ರಶ್ನೆ ಮೂರು. ಬೇರೆ ಊರಿನ ಸರ್ವೀಸ್ ಸೆಂಟರಿನಲ್ಲೂ ನಡೆಯುತ್ತಾ, ಇಲ್ಲಾ ಈ ಡೀಲರ್ ಹತ್ತಿರ ಮಾತ್ರವಾ? ರಿಯಾಯಿತಿ ಆಯಿಲ್‌ಗೂ ಇದೆಯಾ? ಬಳಸದೆ ಉಳಿದ ಸರ್ವೀಸು ಮುಂದಿನ ವರ್ಷಕ್ಕೆ ಹೋಗುತ್ತಾ? ಡೀಲರ್ ತಾನೇ ಮಾಡಿಕೊಂಡ ಸ್ಕೀಮು ಆದರೆ, ಆ ಡೀಲರ್‌ಶಿಪ್ ಬಾಗಿಲು ಹಾಕಿದ ದಿನ ನಿಮ್ಮ ಕಾರ್ಡಿಗೆ ಬೆಲೆ ಇರಲ್ಲ. ಕಂಪನಿಯ ಹೆಸರಿನಲ್ಲಿರುವ ಸ್ಕೀಮನ್ನೇ ತಗೊಳ್ಳಿ.

ಊರಿನ ಗ್ಯಾರೇಜು

ಭಾಯ್ ಬಗ್ಗೆ ನನಗೆ ಗೌರವ ಇದೆ. ಹನ್ನೊಂದು ವರ್ಷ ನನ್ನ ಗಾಡಿಯನ್ನು ನಡುದಾರಿಯಲ್ಲಿ ನಿಲ್ಲದ ಹಾಗೆ ನೋಡಿಕೊಂಡವರು ಅವರು. ಕಿಕ್ ಹೊಡೆದ ಸದ್ದು ಕೇಳಿಯೇ ಟ್ಯಾಪೆಟ್ಟಾ, ಟೈಮಿಂಗ್ ಚೈನಾ ಅಂತ ಹೇಳುತ್ತಿದ್ದರು. ನಮ್ಮಲ್ಲಿ ಇಂಥ ಕೈಗಳು ತುಂಬಾ ಇವೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಇಷ್ಟು ವರ್ಷ ಅಲ್ಲಿ ತಯಾರಾದ ಯೆಜ್ಡಿ ಬೈಕುಗಳು ರಸ್ತೆ ಮೇಲೆ ಉಳಿದದ್ದು ಷೋರೂಮಿನಿಂದ ಅಲ್ಲ, ಇಂಥ ಗ್ಯಾರೇಜುಗಳಿಂದ.

ಆದರೆ ಬೈಕು ಬದಲಾಗಿದೆ. 2020ರ ಏಪ್ರಿಲ್ 1ರಿಂದ ಬಿಎಸ್6, ಅಂದರೆ ವಾಹನದ ಹೊಗೆಗೆ ಬಿಗಿಯಾದ ನಿಯಮ, ಬಂತು. ಬಹುತೇಕ ಬೈಕುಗಳಲ್ಲಿ ಕಾರ್ಬುರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂತು. ಸ್ಕ್ರೂ ತಿರುಗಿಸಿ ಪಿಕಪ್ ಸರಿ ಮಾಡುವ ಕಾಲ ಮುಗೀತು. ಮೀಟರಿನಲ್ಲಿ ಹಳದಿ ಎಂಜಿನ್ ಲೈಟ್ ಹತ್ತಿತು ಅಂದರೆ ಸ್ಕ್ಯಾನರ್ ಸಿಕ್ಕಿಸಿ ಕೋಡ್ ಓದಬೇಕು. ಭಾಯ್ ಇದನ್ನು ಮುಚ್ಚಿಡಲಿಲ್ಲ. "ಆಯಿಲ್, ಬ್ರೇಕ್, ಚೈನು, ಕೇಬಲ್ ನನ್ ಹತ್ರ ತಗೊಂಬಾ. ಲೈಟ್ ಹತ್ತಿದ್ರೆ ಷೋರೂಮಿಗೆ ಹೋಗು" ಅಂದರು. ಹೀಗೆ ತನ್ನ ಮಿತಿ ಹೇಳುವ ಮೆಕ್ಯಾನಿಕ್ ಸಿಕ್ಕಿದರೆ ಕಣ್ಣು ಮುಚ್ಚಿ ನಂಬಬಹುದು. ಲೈಟ್ ಹತ್ತಿದಾಗ ಸುಮ್ನೆ ಒಂದೊಂದೇ ವೈರು ಬಿಚ್ಚಿ ನೋಡುವವರ ಕೈಗೆ ಹೊಸ ಬೈಕು ಕೊಡಬೇಡಿ.

ಗ್ಯಾರೇಜಿನಲ್ಲಿ ಮುಖ್ಯವಾಗಿ ನೋಡಬೇಕಾದ್ದು ಆಯಿಲ್. ಬೈಕಿನಲ್ಲಿ ಎಂಜಿನ್, ಗೇರು, ಕ್ಲಚ್ ಮೂರೂ ಒಂದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಕಾರಿಗೆ ಹಾಗಲ್ಲ. ಕೆಲವು ಕಾರಿನ ಆಯಿಲ್‌ಗಳಲ್ಲಿ ಉಜ್ಜುವಿಕೆ ಕಡಿಮೆ ಮಾಡುವ ಕೆಮಿಕಲ್ ಇರುತ್ತೆ. ಅದನ್ನು ಬೈಕಿಗೆ ಹಾಕಿದರೆ ಕ್ಲಚ್ ಜಾರುತ್ತೆ. ಎಕ್ಸಲೇಟರ್ ಕೊಟ್ಟರೆ ಎಂಜಿನ್ ಕೂಗುತ್ತೆ, ಗಾಡಿ ಓಡಲ್ಲ. ಅದಕ್ಕೇ ಡಬ್ಬದ ಮೇಲೆ ಜಾಸೋ ಎಂಎ ಅಥವಾ ಎಂಎ2 ಅಂತ ಇರಬೇಕು. ಜೊತೆಗೆ ಗ್ರೇಡು ನಿಮ್ಮ ಪುಸ್ತಕದಲ್ಲಿರುವುದೇ ಆಗಿರಬೇಕು. 10ಡಬ್ಲ್ಯು-30 ಹೇಳಿರುವ ಬೈಕಿಗೆ 20ಡಬ್ಲ್ಯು-50 ಹಾಕಿದರೆ ಬೆಳಗಿನ ಚಳಿಯಲ್ಲಿ ಎಂಜಿನ್ ಭಾರ ಅನ್ನಿಸುತ್ತೆ, ಮೈಲೇಜೂ ಇಳಿಯುತ್ತೆ. ಆಯಿಲ್ ಡಬ್ಬವನ್ನು ನಾನೇ ದೊಡ್ಡ ಅಂಗಡಿಯಲ್ಲಿ ಬಿಲ್ಲು ಸಮೇತ ತಗೊಂಡು ಹೋಗುತ್ತೇನೆ. ಸೀಲು ಎದುರಿಗೇ ಒಡೆಸುತ್ತೇನೆ. ಖಾಲಿ ಡಬ್ಬಕ್ಕೆ ಸ್ಕ್ರೂಡ್ರೈವರಿನಿಂದ ತೂತು ಹೊಡೆದು ಬಿಸಾಡಿ, ಅದರಲ್ಲಿ ನಕಲಿ ತುಂಬುವವರು ಇದ್ದಾರೆ.

ಇನ್ನೊಂದು, ಡ್ರೈನ್ ಬೋಲ್ಟ್. ಅದು ಕೂರುವ ಜಾಗ ಅಲ್ಯೂಮಿನಿಯಂ. ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಪೂರ್ತಿ ಬಲದಿಂದ ತಿರುಗಿಸಿದರೆ ಒಳಗಿನ ಮರೆ (ಥ್ರೆಡ್) ಸವೆದು ಹೋಗುತ್ತೆ, ಆಮೇಲೆ ಆಯಿಲ್ ತೊಟ್ಟಿಕ್ಕುವುದು ನಿಲ್ಲಲ್ಲ. ವಾಷರ್ ಹೊಸದು ಹಾಕಿದರೆ ಅಷ್ಟು ಬಿಗಿ ಬೇಕಾಗಲ್ಲ. ಹತ್ತು ರೂಪಾಯಿ ವಾಷರ್ ಉಳಿಸಬೇಡಿ.

ಮನೆ ಬಾಗಿಲಿಗೆ ಬರುವವರು

ಮನೆಗೇ ಬಂದು ಸರ್ವೀಸ್ ಮಾಡಿ ಹೋಗುವ ಮೆಕ್ಯಾನಿಕ್‌ಗಳೂ ಇದ್ದಾರೆ. ಇದು ಬೆಂಗಳೂರಿನಂಥ ಊರಿನವರಿಗೆ. ತಮ್ಮ ಒಮ್ಮೆ ಮಾಡಿಸಿದ್ದಾನೆ. ಆಯಿಲ್, ಫಿಲ್ಟರ್, ಚೈನು ಇಷ್ಟಕ್ಕೆ ಪರವಾಗಿಲ್ಲ. ವಾಶ್ ಮಾಡಲು ಅಪಾರ್ಟ್‌ಮೆಂಟಿನವರು ಬಿಡಲಿಲ್ಲ. ವಾರಂಟಿ ವಿಷಯದಲ್ಲಿ ಇದೂ ಹೊರಗಿನ ಗ್ಯಾರೇಜಿಗೆ ಸಮ. ಕಂಪನಿಯವರೇ ಕಳಿಸುವ ಮನೆ ಸೇವೆ ಇದ್ದರೆ ಮಾತ್ರ ಅದು ಷೋರೂಮಿನ ಲೆಕ್ಕಕ್ಕೆ ಬರುತ್ತೆ.

ಅವನ ಬುಲೆಟ್ಟಿನ ಲೆಕ್ಕವೇ ಬೇರೆ ಅನ್ನೋದನ್ನೂ ಹೇಳಬೇಕು. ಅದಕ್ಕೆ ಆಯಿಲ್ ಜಾಸ್ತಿ ಹಿಡಿಯುತ್ತೆ, ಆಯಿಲೂ ದುಬಾರಿ, ಜೊತೆಗೆ ಫಿಲ್ಟರ್. ಪೂರ್ತಿ ಆಯಿಲ್ ಬದಲಿಸುವ ಸರ್ವೀಸು ನನ್ನ ಬೈಕಿನ ಸರ್ವೀಸಿನ ಎರಡೂವರೆ ಪಟ್ಟು ಬರುತ್ತೆ. ದೊಡ್ಡ ಬೈಕು ನೋಡುತ್ತಿರುವವರು ಇಎಂಐ ಕೇಳುವ ದಿನವೇ ಸರ್ವೀಸ್ ದರದ ಬೋರ್ಡನ್ನೂ ಓದಿಕೊಂಡು ಬನ್ನಿ. ಷೋರೂಮಿನ ಹಿಂದೆ ವರ್ಕ್‌ಶಾಪಿನ ಗೋಡೆ ಮೇಲೆ ಹಾಕಿರುತ್ತಾರೆ.

ಜಾಬ್ ಕಾರ್ಡಿಗೆ ಸಹಿ ಹಾಕುವ ಮೊದಲು

ದುಡ್ಡು ಉಳಿಯುವುದು ಬಿಲ್ಲಿನ ಕೌಂಟರಿನಲ್ಲಿ ಅಲ್ಲ, ಬೆಳಿಗ್ಗೆ ಜಾಬ್ ಕಾರ್ಡ್, ಅಂದರೆ ಗಾಡಿಗೆ ಮಾಡಬೇಕಾದ ಕೆಲಸದ ಪಟ್ಟಿ, ಬರೆಯುವ ಹೊತ್ತಿನಲ್ಲಿ. ಸಂಜೆ ವಾದ ಮಾಡಿದರೆ "ಹಾಕಿಬಿಟ್ಟಿದೀವಲ್ಲ ಸಾರ್" ಅನ್ನುತ್ತಾರೆ. ಎಂಜಿನ್ನಿಗೆ ಸುರಿದ ಆಡಿಟಿವ್ ವಾಪಸ್ ತೆಗೆಯಲು ಆಗಲ್ಲ.

ನಾನು ಈಗ ಹೀಗೆ ಮಾಡುತ್ತೇನೆ. ಕಾರ್ಡ್ ಬರೆಯುವ ಸರ್ವೀಸ್ ಅಡ್ವೈಸರ್ ಶುರು ಮಾಡಿದ ತಕ್ಷಣ ಪುಸ್ತಕದ ಪುಟ ತೋರಿಸಿ "ಇದರಲ್ಲಿ ಇರೋದಷ್ಟೇ ಮಾಡಿ. ಬೇರೆ ಏನೇ ಹಾಕೋದಿದ್ರೂ ಫೋನ್ ಮಾಡಿ" ಅನ್ನುತ್ತೇನೆ. ಅದನ್ನೇ ಕಾರ್ಡಿನ ಮೇಲೆ ಬರೆಸುತ್ತೇನೆ: ಆಡಿಟಿವ್ ಬೇಡ, ಪಾಲಿಶ್ ಬೇಡ. ಅಂದಾಜು ಮೊತ್ತವನ್ನೂ ಬರೆಸುತ್ತೇನೆ. ಕಿಲೋಮೀಟರ್ ಮತ್ತು ಪೆಟ್ರೋಲ್ ಮಟ್ಟ ಸರಿಯಾಗಿ ಬರೆದಿದ್ದಾರಾ ನೋಡುತ್ತೇನೆ. ತೊಂದರೆ ಇದ್ದರೆ "ಜನರಲ್ ಚೆಕಪ್" ಅಂತ ಬರೆಯಲು ಬಿಡಲ್ಲ. "ಮೂರನೇ ಗೇರಿನಲ್ಲಿ 40ರ ಮೇಲೆ ಹ್ಯಾಂಡಲ್ ನಡುಗುತ್ತೆ" ಅಂತ ಬಿಡಿಸಿ ಬರೆಸುತ್ತೇನೆ. ಬದಲಾಯಿಸಿದ ಹಳೆಯ ಸಾಮಾನು ವಾಪಸ್ ಬೇಕು ಅಂತಲೂ ಹೇಳುತ್ತೇನೆ. ಹಳೆಯ ಏರ್ ಫಿಲ್ಟರ್ ಕೈಗೆ ಕೊಟ್ಟರೆ, ಅದು ನಿಜವಾಗಿ ಬದಲಿಸುವ ಹಾಗಿತ್ತಾ ಅಂತ ನಮಗೇ ಕಾಣುತ್ತೆ.

ಬಿಲ್ಲಿನಲ್ಲಿ ಎರಡು ಜಾಗ ನೋಡಿ. ಡಬ್ಬ ಅಥವಾ ಪ್ಯಾಕೆಟ್ ಮೇಲೆ ಇರುವ ಎಂಆರ್‌ಪಿಯಲ್ಲಿ ತೆರಿಗೆ ಸೇರಿರುತ್ತೆ. ಅದರ ಮೇಲೆ ಮತ್ತೆ ಜಿಎಸ್‌ಟಿ ಹಾಕುವ ಹಾಗಿಲ್ಲ. ಇನ್ನೊಂದು, 2025ರ ಸೆಪ್ಟೆಂಬರ್ 22ರಿಂದ ಬ್ರೇಕ್ ಶೂ, ಕ್ಲಚ್ ಪ್ಲೇಟ್‌ನಂಥ ಬಿಡಿಭಾಗಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ. ಕೂಲಿ ಮೇಲಿನ ತೆರಿಗೆ ಮೊದಲೂ 18, ಈಗಲೂ 18. ಯಾವುದೇ ಸಾಲಿನಲ್ಲಿ 28 ಕಂಡರೆ ಅಲ್ಲೇ ಕೇಳಿ.

ಗಾಡಿ ವಾಪಸ್ ತಗೊಳ್ಳುವಾಗ ಎರಡು ನಿಮಿಷ ಚೈನ್ ಮುಟ್ಟಿ ನೋಡಿ. ಮೇಲೆ ಕೆಳಗೆ ಆಡಿಸಿದರೆ ಎರಡು ಬೆರಳಿನ ಅಗಲಕ್ಕಿಂತ ತುಸು ಕಡಿಮೆ ಆಡಬೇಕು. ಸರಿಯಾದ ಅಳತೆ ಪುಸ್ತಕದಲ್ಲಿದೆ. ತಂತಿಯ ಹಾಗೆ ಬಿಗಿದಿದ್ದರೆ ಬೇರಿಂಗ್ ಹಾಳಾಗುತ್ತೆ, ಅಲ್ಲೇ ಸಡಿಲ ಮಾಡಿಸಿ. ಮಳೆಗಾಲದಲ್ಲಿ ನಾನು ವಾರಕ್ಕೊಮ್ಮೆ ಚೈನ್ ಒರೆಸಿ ಲ್ಯೂಬ್ ಹಾಕುತ್ತೇನೆ. ಹಳೆಯ ಬನಿಯನ್ ಬಟ್ಟೆ, ಒಂದು ಹಲ್ಲುಜ್ಜುವ ಬ್ರಷ್, ಹತ್ತು ನಿಮಿಷ. ಒಂದು ಸ್ಪ್ರೇ ಡಬ್ಬ ಹಲವು ತಿಂಗಳು ಬರುತ್ತೆ.

ಹೀಗೆ ಮಾಡಿದ ಮೇಲೆ ನನ್ನ ಎರಡನೇ ಬಿಲ್ಲು 420 ಬಂತು. ಹೋದ ತಿಂಗಳು 12,000ದ ಸರ್ವೀಸಿಗೂ ಅಷ್ಟೇ. ಅಡ್ವೈಸರ್ ಬೇಜಾರು ಮಾಡಿಕೊಳ್ಳಲಿಲ್ಲ, ಈಗ ನನ್ನ ಗುರುತು ಹಿಡಿದು ತಾನೇ "ಆಡಿಟಿವ್ ಬೇಡ ಅಲ್ವಾ ಸಾರ್" ಅನ್ನುತ್ತಾನೆ. ಫ್ರೀ ಕೂಪನ್ ಮುಗೀತು. 18,000 ತುಂಬುವ ಹೊತ್ತಿಗೆ ಬೇಸಿಗೆ ಮುಗಿಯುತ್ತಾ ಬಂದಿರುತ್ತೆ. ಕೂಲಿ ಕೊಡುವ ಮೊದಲ ಸರ್ವೀಸು ಅದು. ಮಳೆ ಹಿಡಿಯುವ ಮೊದಲು ಹಿಂದಿನ ಚಕ್ರ ಬಿಚ್ಚಿ ಬ್ರೇಕ್ ಶೂ ನೋಡಿ ಅಂತ ಜಾಬ್ ಕಾರ್ಡಿನ ಮೊದಲ ಸಾಲಿನಲ್ಲೇ ಬರೆಸಬೇಕು.